ಪ್ರಶ್ನೆ ಒಂದು ಬೀದಿಯಲ್ಲಿ, ಕಂಪ್ಯೂಟರ್ ಇನ್ನೊಂದು ಬೀದಿಯಲ್ಲಿ

ಸಂಜೆ 5 ಗಂಟೆ 29 ನಿಮಿಷ. ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಪಿಎಚ್‌ಡಿ ಮಾಡುವವರಿಗೆ ಈ ಹೊತ್ತಿನ ಮಹತ್ವ ಗೊತ್ತು. ದೊಡ್ಡ ಸಮ್ಮೇಳನಗಳಿಗೆ ಪೇಪರ್ ಕಳಿಸುವ ಡೆಡ್‌ಲೈನ್ ಬಹಳ ಸಲ ಮುಗಿಯುವುದು ಆಗಲೇ. ಯಾಕೆ ಇಂಥ ವಿಚಿತ್ರ ಟೈಮು ಅಂದರೆ, ಭೂಮಿಯ ಮೇಲೆ ಎಲ್ಲಾದರೂ ಒಂದು ಕಡೆ ಆ ತಾರೀಖು ಇನ್ನೂ ಉಳಿದಿದ್ದರೆ ಗಡುವು ಮುಗಿದಿಲ್ಲ ಎಂಬ ಲೆಕ್ಕ ಅವರದು. ಪೆಸಿಫಿಕ್ ಸಾಗರದ ನಡುವೆ ಜನವಸತಿಯೇ ಇಲ್ಲದ ಒಂದೆರಡು ದ್ವೀಪಗಳಿವೆ. ಅಲ್ಲಿ ರಾತ್ರಿ 11:59 ಆದಾಗ ನಮ್ಮಲ್ಲಿ ಮಾರನೇ ದಿನದ ಸಂಜೆ 5:29. ಯಾರೂ ಇಲ್ಲದ ದ್ವೀಪದ ಗಡಿಯಾರ ನೋಡಿಕೊಂಡು ಯಶವಂತಪುರದ ಪಕ್ಕದಲ್ಲಿ ಹುಡುಗರು ಹುಡುಗಿಯರು ರಾತ್ರಿಯೆಲ್ಲ ಎದ್ದಿರುತ್ತಾರೆ. ನಿದ್ದೆ ಲ್ಯಾಬಿನ ಕುರ್ಚಿಯಲ್ಲಿ, ಚಹಾ ಕ್ಯಾಂಪಸ್ಸಿನ ಟೀ ಬೋರ್ಡ್ ಅಂಗಡಿಯಲ್ಲಿ.

ನಾನು ಹೇಳುತ್ತಿರುವುದು ಟಾಟಾ ಇನ್‌ಸ್ಟಿಟ್ಯೂಟ್ ಬಗ್ಗೆ. ಹೊರಗಿನವರು ಐಐಎಸ್‌ಸಿ ಅನ್ನುತ್ತಾರೆ, ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಇವತ್ತಿಗೂ ಅದು ಟಾಟಾ ಇನ್‌ಸ್ಟಿಟ್ಯೂಟೇ. 1909ರಲ್ಲಿ ಶುರುವಾದ ಈ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಭಾಗದ ಬೇರು 1969ರ ಸ್ಕೂಲ್ ಆಫ್ ಆಟೋಮೇಷನ್‌ನಲ್ಲಿದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಟ್ರಿಪಲ್ ಐಟಿ ಇದೆ. ಊರಿನ ಸುತ್ತ ವಿಟಿಯುಗೆ ಸೇರಿದ ಇಂಜಿನಿಯರಿಂಗ್ ಕಾಲೇಜುಗಳು ಲೆಕ್ಕವಿಲ್ಲದಷ್ಟು. ಇಷ್ಟೆಲ್ಲ ಇದ್ದೂ ನಮ್ಮ ವಿದ್ಯಾರ್ಥಿಗಳ ಸಂಶೋಧನೆ ಯಾಕೆ ನಮ್ಮ ಊರಿನದು ಅನ್ನಿಸುವುದಿಲ್ಲ ಅಂತ ಕೇಳಿದರೆ, ಸಾಮಾನ್ಯವಾಗಿ ಬರುವ ಉತ್ತರ ಎರಡು. ಒಂದು, ದುಡ್ಡಿಲ್ಲ. ಇನ್ನೊಂದು, ಬುದ್ಧಿವಂತರೆಲ್ಲ ಅಮೆರಿಕಕ್ಕೆ ಹೋಗುತ್ತಾರೆ. ಎರಡರಲ್ಲೂ ಸತ್ಯ ಇದೆ. ಆದರೆ ನನಗೆ ಕಾಣುವ ತೊಂದರೆ ಬೇರೆ. ಈ ಊರಿನಲ್ಲಿ ಒಳ್ಳೆ ಪ್ರಶ್ನೆ ಗೊತ್ತಿರುವವರು ಒಂದು ಬೀದಿಯಲ್ಲಿದ್ದಾರೆ, ಅದಕ್ಕೆ ಬೇಕಾದ ಯಂತ್ರ ಮತ್ತು ಸಮಯ ಇರುವವರು ಇನ್ನೊಂದು ಬೀದಿಯಲ್ಲಿದ್ದಾರೆ. ಇಬ್ಬರೂ ಭೇಟಿಯಾಗುವುದಿಲ್ಲ.

ಮೊದಲು ಆ ಡೆಡ್‌ಲೈನ್ ವಿಷಯ ಮುಗಿಸೋಣ. ಬೇರೆ ವಿಜ್ಞಾನಗಳಲ್ಲಿ ಜರ್ನಲ್ ದೊಡ್ಡದು, ಸಮ್ಮೇಳನ ಅಂದರೆ ಹೋಗಿ ಮಾತಾಡಿ ಊಟ ಮಾಡಿ ಬರುವ ಜಾಗ. ಕಂಪ್ಯೂಟರ್ ಸೈನ್ಸಿನಲ್ಲಿ ಇದು ತಿರುಗುಮುರುಗು. ಇಲ್ಲಿ ಸಮ್ಮೇಳನವೇ ಪರೀಕ್ಷೆ. ನ್ಯೂರಿಪ್ಸ್, ಐಸಿಎಂಎಲ್, ವಿಎಲ್‌ಡಿಬಿ, ಎಸಿಎಲ್ ತರಹದ ಸಮ್ಮೇಳನಗಳ ಹೆಸರುಗಳು ಬಯೋಡೇಟಾದಲ್ಲಿ ಎಷ್ಟಿವೆ ಅನ್ನುವುದರ ಮೇಲೆ ಮುಂದಿನ ಕೆಲಸ ನಿಂತಿದೆ. ಮಷಿನ್ ಲರ್ನಿಂಗಿನ ದೊಡ್ಡ ಸಮ್ಮೇಳನವಾದ ನ್ಯೂರಿಪ್ಸ್‌ಗೆ 2014ರಲ್ಲಿ ಬಂದ ಪೇಪರ್‌ಗಳು 1,678. 2025ರಲ್ಲಿ 21 ಸಾವಿರಕ್ಕೂ ಜಾಸ್ತಿ. ನಾಲ್ಕರಲ್ಲಿ ಮೂರು ವಾಪಸ್.

ಇಷ್ಟು ಪೇಪರ್ ಓದುವವರು ಯಾರು? ಬಹುಪಾಲು ಇದೇ ವಿದ್ಯಾರ್ಥಿಗಳೇ. ತಮ್ಮ ಪೇಪರ್ ಕಳಿಸಿ ಎರಡು ದಿನ ಮಲಗಿ ಎದ್ದು ಇನ್ನೊಬ್ಬರ ಪೇಪರ್‌ಗೆ ಅಂಕ ಹಾಕಲು ಕೂರುತ್ತಾರೆ. ಆ ಅಂಕದ ಮೇಲೆ ಎಷ್ಟು ನಂಬಿಕೆ ಇಡಬಹುದು ಎನ್ನುವುದನ್ನು ಸಮ್ಮೇಳನದವರೇ 2014ರಲ್ಲಿ ಪರೀಕ್ಷೆ ಮಾಡಿ ನೋಡಿದರು. ಬಂದ ಪೇಪರ್‌ಗಳಲ್ಲಿ ಸುಮಾರು ಹತ್ತನೇ ಒಂದು ಭಾಗವನ್ನು ಎರಡು ಬೇರೆ ಬೇರೆ ಸಮಿತಿಗಳಿಗೆ ಕೊಟ್ಟರು. ಒಂದು ಸಮಿತಿಯ ತೀರ್ಮಾನ ಇನ್ನೊಂದಕ್ಕೆ ಗೊತ್ತಿಲ್ಲ. ಒಂದು ಸಮಿತಿ ಪಾಸು ಮಾಡಿದ ಪೇಪರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ಸಮಿತಿ ಫೇಲು ಮಾಡಿತ್ತು! ನಿಜಕ್ಕೂ ಕೆಟ್ಟ ಪೇಪರ್ ಯಾವುದು ಅಂತ ಇಬ್ಬರಿಗೂ ಒಂದು ಮಟ್ಟಿಗೆ ತಿಳಿಯುತ್ತಿತ್ತು. ಒಳ್ಳೆಯದು ಯಾವುದು ಎನ್ನುವಲ್ಲಿ ಮಾತ್ರ ತಾಳ ತಪ್ಪುತ್ತಿತ್ತು. ಆಗ 1,678 ಪೇಪರ್ ಇದ್ದ ಕಾಲ. ಈಗ ಎಐ ಕೈಲಿ ಬರೆಸಿದ ಪೇಪರ್‌ಗಳೂ ಸೇರಿಕೊಂಡಿವೆ. ಸಂಶೋಧಕರು ತಮ್ಮ ಬರಹವನ್ನು ಮೊದಲೇ ಹಾಕುವ ಆರ್ಕೈವ್ ತಾಣ 2025ರ ಅಕ್ಟೋಬರ್ ಕೊನೆಗೆ ಒಂದು ನಿರ್ಧಾರ ಮಾಡಿತು. ಕಂಪ್ಯೂಟರ್ ಸೈನ್ಸ್ ವಿಭಾಗದ ಸಮೀಕ್ಷಾ ಬರಹಗಳು, ಅಂದರೆ ಬೇರೆಯವರ ಸಂಶೋಧನೆಗಳನ್ನು ಒಟ್ಟು ಮಾಡಿ ಹೇಳುವ ಪೇಪರ್‌ಗಳು, ಬೇರೆ ಕಡೆ ವಿಮರ್ಶೆ ದಾಟಿ ಬಂದಿದ್ದರೆ ಮಾತ್ರ ತೆಗೆದುಕೊಳ್ಳುತ್ತೇವೆ ಎಂದಿತು. ಪ್ರವಾಹಕ್ಕೆ ಮರಳಿನ ಮೂಟೆ ಇಟ್ಟ ಹಾಗೆ.

ಇದರಿಂದ ಆಗುವುದೇನು? ಪ್ರಶ್ನೆಯ ಗಾತ್ರ ಡೆಡ್‌ಲೈನಿನ ಗಾತ್ರಕ್ಕೆ ಇಳಿಯುತ್ತದೆ. ನಾಲ್ಕು ತಿಂಗಳಲ್ಲಿ ಮುಗಿಯದ ಪ್ರಶ್ನೆಯನ್ನು ಯಾರೂ ಮುಟ್ಟುವುದಿಲ್ಲ. ಗೈಡ್‌ಗಳನ್ನು ಬೈಯುವುದು ಸುಲಭ. ಆದರೆ ಐದು ವರ್ಷದ ಫೆಲೋಶಿಪ್ಪಿನಲ್ಲಿ ಮೊದಲ ವರ್ಷ ಕೋರ್ಸ್‌ವರ್ಕ್‌ಗೆ, ಆಮೇಲೆ ಕಾಂಪ್ರಿಹೆನ್ಸಿವ್ ಪರೀಕ್ಷೆಗೆ ಹೋದರೆ ಕೈಯಲ್ಲಿ ಉಳಿಯುವುದು ಮೂರು ಮೂರೂವರೆ ವರ್ಷ. ಅಷ್ಟರಲ್ಲಿ ಮೂರು ಪೇಪರ್ ಆಗಬೇಕು ಅಂದರೆ ಯಾವ ಗೈಡ್ ಆದರೂ ಹೇಳುವುದು ಅದನ್ನೇ. "ಮೊದಲು ಇದನ್ನ ಮುಗಿಸಪ್ಪ, ಅದನ್ನ ಆಮೇಲೆ ನೋಡೋಣ." ಆ ಆಮೇಲೆ ಬರುವುದು ಕಡಿಮೆ.

ಹಾಗಂತ ಇಲ್ಲಿಂದ ಒಳ್ಳೆ ಪ್ರಶ್ನೆ ಬಂದೇ ಇಲ್ಲ ಅಂದುಕೊಳ್ಳಬೇಡಿ. ನನಗೆ ತುಂಬ ಇಷ್ಟವಾದ ಒಂದು ಉದಾಹರಣೆ ಹೇಳುತ್ತೇನೆ. ನೀವು ಡೇಟಾಬೇಸಿಗೆ ಒಂದು ಪ್ರಶ್ನೆ ಕೇಳುತ್ತೀರಿ. ಹೋದ ತಿಂಗಳು ಸಾವಿರ ರೂಪಾಯಿಗಿಂತ ಜಾಸ್ತಿ ಕರೆಂಟ್ ಬಿಲ್ ಕಟ್ಟಿದವರ ಪಟ್ಟಿ ಕೊಡು, ಅಂತ ಇಟ್ಟುಕೊಳ್ಳಿ. ಆ ಉತ್ತರಕ್ಕೆ ಹೋಗಲು ಹತ್ತಾರು ದಾರಿ ಇರುತ್ತವೆ. ಯಶವಂತಪುರದಿಂದ ಜಯನಗರಕ್ಕೆ ಅಂದಾಗ ಆಟೋದವರು ಒಂದು ಕ್ಷಣ ಯೋಚಿಸುತ್ತಾರಲ್ಲ, ಹಾಗೆ ಡೇಟಾಬೇಸ್ ಒಳಗೂ ದಾರಿ ಆರಿಸುವ ಒಂದು ಭಾಗ ಇದೆ. ಅದು ಯಾವ ಪರಿಸ್ಥಿತಿಯಲ್ಲಿ ಯಾವ ದಾರಿ ಹಿಡಿಯುತ್ತದೆ ಎನ್ನುವುದನ್ನು ಟಾಟಾ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಜಯಂತ್ ಹರಿತ್ಸ ಮತ್ತು ಅವರ ವಿದ್ಯಾರ್ಥಿಗಳು ಬಣ್ಣ ಹಾಕಿ ನಕ್ಷೆ ಮಾಡಿ ನೋಡಿದರು. ಒಂದು ದಾರಿಗೆ ಒಂದು ಬಣ್ಣ. ದೊಡ್ಡ ಕಂಪನಿಗಳ ಡೇಟಾಬೇಸುಗಳನ್ನು ಹಾಗೆ ನೋಡಿದಾಗ ಬಂದದ್ದು ನೀಟಾದ ನಕ್ಷೆ ಅಲ್ಲ. ಚೂರು ಚೂರು ಬಣ್ಣಗಳ, ಅಂಕುಡೊಂಕು ಗಡಿಗಳ ಚಿತ್ರ, ಥೇಟ್ ಪಿಕಾಸೋ ಶೈಲಿ. ಅದಕ್ಕೇ ಆ ಸಾಫ್ಟ್‌ವೇರಿಗೆ ಪಿಕಾಸೋ ಅಂತಲೇ ಹೆಸರಿಟ್ಟರು. ಆಮೇಲೆ ಗೊತ್ತಾದ ಮಾತು ಇನ್ನೂ ಚೆನ್ನಾಗಿದೆ. ಖರ್ಚು ಶೇ. 20ರಷ್ಟು ಜಾಸ್ತಿಯಾದರೂ ಪರವಾಗಿಲ್ಲ ಅಂತ ಒಪ್ಪಿಕೊಂಡರೆ ಆ ರಾಶಿ ದಾರಿಗಳನ್ನು ಹತ್ತರ ಆಸುಪಾಸಿಗೆ ಇಳಿಸಬಹುದು. ಅಂದರೆ ಯಂತ್ರ ಸುಮ್ನೆ ಅತಿ ಸೂಕ್ಷ್ಮ ಮಾಡುತ್ತಿತ್ತು.

ಈ ಕೆಲಸದಲ್ಲಿ ಮಾಸ್ಟರ್ಸ್ ಮಾಡುತ್ತಿದ್ದ ವಿದ್ಯಾರ್ಥಿಗಳ ಕೈಯಿದೆ. ಸೂಪರ್ ಕಂಪ್ಯೂಟರ್ ಬೇಕಾಗಲಿಲ್ಲ. ಬೇಕಾದದ್ದು, ಎಲ್ಲರೂ ದಿನಾ ಬಳಸುವ ವಸ್ತುವಿನ ಒಳಗೆ ಏನಾಗುತ್ತಿದೆ ಅಂತ ಇಣುಕಿ ನೋಡುವ ಕುತೂಹಲ.

ಇನ್ನೊಂದು ಉದಾಹರಣೆ ಬೆಂಗಳೂರಿನದಲ್ಲ, ಆದರೆ ಕೊನೆಗೆ ಬೆಂಗಳೂರಿಗೆ ಬಂದು ಸೇರುತ್ತದೆ. 2002ರ ಆಗಸ್ಟಿನಲ್ಲಿ ಕಾನ್ಪುರ ಐಐಟಿಯ ಮಣೀಂದ್ರ ಅಗರವಾಲ್, ಆಗಷ್ಟೇ ಬಿ.ಟೆಕ್ ಮುಗಿಸಿದ್ದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ ಜೊತೆ ಸೇರಿ, ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಖಚಿತವಾಗಿ, ಬೇಗ ಹೇಳುವ ದಾರಿ ಕಂಡುಹಿಡಿದರು. ಶತಮಾನಗಳ ಪ್ರಶ್ನೆ, ಪುಟ ನೋಡಿದರೆ ಬೆರಳೆಣಿಕೆಯಷ್ಟು. ಕಯಾಲ್ ಪಿಎಚ್‌ಡಿ ಮುಗಿಸಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದರು. ಆ ಪ್ರಬಂಧ 2004ರಲ್ಲಿ ಅಚ್ಚಾದದ್ದು ಒಂದು ಗಣಿತದ ಜರ್ನಲ್ಲಿನಲ್ಲಿ, ಸಮ್ಮೇಳನದಲ್ಲಿ ಅಲ್ಲ. ಕರಿಹಲಗೆಯಲ್ಲಿ ಮಾಡುವ ಇಂಥ ಕೆಲಸಕ್ಕೆ ಬೆಂಗಳೂರಾದರೇನು ಬಾಸ್ಟನ್ ಆದರೇನು.

ಕರಿಹಲಗೆ ಸಾಲದ ಕೆಲಸಗಳಲ್ಲೇ ತೊಡಕು. ಸಣ್ಣ ಲೆಕ್ಕ ಮಾಡೋಣ. ಚಾಟ್‌ಜಿಪಿಟಿ ತರಹದವುಗಳ ಒಳಗಿರುವ ಭಾಷಾ ಮಾದರಿಗಳಲ್ಲಿ 700 ಕೋಟಿ ಪ್ಯಾರಾಮೀಟರ್, ಅಂದರೆ ಕಲಿಯುವಾಗ ಯಂತ್ರ ತಿದ್ದಿಕೊಳ್ಳುವ ಸಂಖ್ಯೆಗಳು, ಇರುವುದನ್ನು ಚಿಕ್ಕದು ಅನ್ನುತ್ತಾರೆ. ಅದಕ್ಕೆ ಪೂರ್ತಿ ತರಬೇತಿ ಕೊಡುವಾಗ, ರೂಢಿಯ ವಿಧಾನದಲ್ಲಿ, ಒಂದೊಂದು ಪ್ಯಾರಾಮೀಟರಿಗೆ 16 ಬೈಟ್ ಜಾಗ ಬೇಕು. ಗುಣಿಸಿದರೆ 112 ಜಿಬಿ. ಇಂಥ ಲೆಕ್ಕಕ್ಕೆ ಬಳಸುವ, ಎಲ್ಲರೂ ಬಾಯಿಬಿಡುವ ಎಚ್100 ಜಿಪಿಯು ಕಾರ್ಡಿನಲ್ಲಿ ಇರುವುದೇ 80 ಜಿಬಿ. ಅಂದರೆ "ಚಿಕ್ಕ" ಮಾದರಿಯನ್ನು ಇಳಿಸಿಕೊಳ್ಳಲಿಕ್ಕೇ ಕಡಿಮೆಯೆಂದರೆ ಎರಡು ಕಾರ್ಡು, ನಡೆಸಲು ಇನ್ನೂ ಜಾಸ್ತಿ. ಒಂದು ಕಾರ್ಡಿನ ಬೆಲೆಗೆ ಊರ ಕಡೆ ಒಂದು ಸೈಟು ಬರುತ್ತದೆ. ನಮ್ಮ ಕಾಲೇಜುಗಳ ಲ್ಯಾಬಿನಲ್ಲಿ ಒಂದೇ ಕಾರ್ಡಿಗೆ ಹತ್ತು ಜನ ಪಾಳಿ ಹಚ್ಚಿರುವುದು ಸಾಮಾನ್ಯ ನೋಟ.

ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗ ಇದೆ, 3.3 ಪೆಟಾಫ್ಲಾಪ್ಸ್ ಶಕ್ತಿಯ ಸೂಪರ್ ಕಂಪ್ಯೂಟರ್. ಹವಾಮಾನದವರು, ರಸಾಯನಶಾಸ್ತ್ರದವರು, ವಿಮಾನದ ರೆಕ್ಕೆಯ ಗಾಳಿ ಲೆಕ್ಕ ಹಾಕುವವರು ಎಲ್ಲರಿಗೂ ಅದೇ ಬೇಕು. ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ ಇಂಡಿಯಾ ಎಐ ಮಿಷನ್‌ಗೆ 10 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಮೊತ್ತಕ್ಕೆ ಒಪ್ಪಿಗೆ ಕೊಟ್ಟಿತು. ಅದರಡಿ ಬೆಂಗಳೂರಿನದೇ ಕಂಪನಿ ಸರ್ವಂಗೆ ದೇಶಿ ಮಾದರಿ ಕಟ್ಟಲು 4,096 ಎಚ್100 ಕಾರ್ಡುಗಳನ್ನು ಕೊಡುವ ತೀರ್ಮಾನ ಆಯಿತು. ಆ ಸಂಖ್ಯೆಯನ್ನೂ ಹತ್ತು ಜನರ ಪಾಳಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಂಪನಿಗೆ ಕೊಟ್ಟದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ದೊಡ್ಡ ಮಾದರಿ ಕಟ್ಟುವುದು ಪಿಎಚ್‌ಡಿ ವಿದ್ಯಾರ್ಥಿಯ ಕೆಲಸ ಅಲ್ಲವೇ ಅಲ್ಲ. ಆದರೆ ಕಟ್ಟಿದ ಮಾದರಿ ಎಲ್ಲಿ ಎಡವುತ್ತದೆ ಅಂತ ಹುಡುಕುವುದು ಖಂಡಿತ ವಿದ್ಯಾರ್ಥಿಯ ಕೆಲಸ. ಅದಕ್ಕೂ ನಾಲ್ಕು ಕಾರ್ಡು ಬೇಕು.

ಕಂಪನಿಗಳ ಸಂಶೋಧನಾ ಲ್ಯಾಬುಗಳೂ ಇದೇ ಊರಿನಲ್ಲಿವೆ. ಮೈಕ್ರೋಸಾಫ್ಟ್‌ದು 2005ರಿಂದ, ಗೂಗಲ್‌ದು 2019ರಿಂದ. ಡಿಗ್ರಿ ಮುಗಿಸಿದ ಚುರುಕು ಹುಡುಗರು ಅಲ್ಲಿ ಒಂದೆರಡು ವರ್ಷ ಕೆಲಸ ಮಾಡಿ, ಪೇಪರ್ ಮಾಡಿ, ಅದನ್ನೇ ಮೆಟ್ಟಿಲು ಮಾಡಿಕೊಂಡು ಅಮೆರಿಕದ ಪಿಎಚ್‌ಡಿಗೆ ಹತ್ತುತ್ತಾರೆ. ಈಗ ಆ ದೇಶದ ವೀಸಾ ಬಿಗಿಯಾಗಿರುವುದರಿಂದ ಕೆಲವರಾದರೂ ಇಲ್ಲೇ ಉಳಿದಾರು ಎಂಬ ಮಾತು ಕೇಳಿಬರುತ್ತಿದೆ. ಉಳಿದರೆ ಸಂತೋಷ. ಆದರೆ ಬೇರೆ ಬಾಗಿಲು ಮುಚ್ಚಿತು ಅಂತ ನಮ್ಮ ಮನೆಗೆ ಬಂದವರನ್ನು ನೆಚ್ಚಿಕೊಂಡು ಮನೆ ಕಟ್ಟಲು ಆಗುತ್ತಾ?

ಸ್ಟೈಪೆಂಡ್ ವಿಷಯ ಬೇಗ ಹೇಳಿಬಿಡುತ್ತೇನೆ. 2023ರ ಜನವರಿಯಿಂದ, ಪಿಎಚ್‌ಡಿ ಮಾಡುವವರಿಗೆ ಸರ್ಕಾರ ಕೊಡುವ ಜೆಆರ್‌ಎಫ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಅದಕ್ಕೂ ಮುಂಚೆ 31,000 ಇತ್ತು. ಪ್ರಧಾನಮಂತ್ರಿ ಫೆಲೋಶಿಪ್ ಸಿಕ್ಕಿದ ಕೆಲವರಿಗೆ 70,000ದಿಂದ ಶುರು. ಗೇಟ್ ಬರೆದು ಎಂ.ಟೆಕ್ ಸೇರಿದವರಿಗೆ 12,400. ಹಾಸ್ಟೆಲ್ ಇದ್ದವರು ಹೇಗೋ ನಡೆಸುತ್ತಾರೆ. ಮನೆಗೆ ದುಡ್ಡು ಕಳಿಸಬೇಕಾದವರು ಪಿಎಚ್‌ಡಿ ಕಡೆ ತಲೆ ಹಾಕುವುದಿಲ್ಲ. ಹಳ್ಳಿಯಿಂದ ಬಂದ, ಮನೆಯ ಮೊದಲ ಇಂಜಿನಿಯರ್ ಆದ ಹುಡುಗಿ ಈ ಲೆಕ್ಕದಲ್ಲೇ ಹೊರಗೆ ಉಳಿಯುತ್ತಾಳೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಕಾಲ ಬುಡದಲ್ಲೇ ಬಿದ್ದಿರುವ ಒಂದು ಪ್ರಶ್ನೆಗೆ ಬರೋಣ, ಅಂದರೆ ಕನ್ನಡ. ಬೆಂಗಳೂರು ಅಂತ ಇಂಗ್ಲಿಷಿನಲ್ಲಿ ಬರೆದರೆ 9 ಅಕ್ಷರ, ಕಂಪ್ಯೂಟರಿನಲ್ಲಿ 9 ಬೈಟ್. ಕನ್ನಡದಲ್ಲಿ ಬರೆದರೆ 24 ಬೈಟ್. ಯಾಕೆಂದರೆ ಯೂನಿಕೋಡಿನ ರೂಢಿಯ ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಗುಣಿತದ ಒಂದೊಂದು ಚಿಹ್ನೆಗೂ ಮೂರು ಬೈಟ್. ಬರೀ ಜಾಗದ ವಿಷಯ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. ಭಾಷಾ ಮಾದರಿಗಳು ಪದವನ್ನು ಚೂರು ಮಾಡಿ ನುಂಗುತ್ತವೆ. ಇಂಗ್ಲಿಷ್ ಜಾಸ್ತಿ ತಿಂದು ಬೆಳೆದ ಮಾದರಿ ಇಂಗ್ಲಿಷ್ ಪದವನ್ನು ಇಡಿಯಾಗಿ ಬಾಯಿಗೆ ಹಾಕಿಕೊಳ್ಳುತ್ತದೆ, ಕನ್ನಡ ಪದವನ್ನು ಪುಡಿ ಪುಡಿ ಮಾಡುತ್ತದೆ. ಅದರ ಮೇಲೆ "ಬಾರದಿದ್ದವರಿಗೂ" ಅಂತ ನಾವು ಒಂದೇ ಉಸಿರಿಗೆ ನಾಲ್ಕೈದು ಅರ್ಥ ಪೋಣಿಸುವ ಜನ. ಚೂರು ಜಾಸ್ತಿಯಾದಷ್ಟೂ ಖರ್ಚು ಜಾಸ್ತಿ, ತಪ್ಪೂ ಜಾಸ್ತಿ. ಈ ಪದಗಳನ್ನು ಎಲ್ಲಿ ಕತ್ತರಿಸಿದರೆ ಅರ್ಥ ಉಳಿಯುತ್ತದೆ? ಧಾರವಾಡದ "ಮಾಡಾಕತ್ತೀನಿ"ಯನ್ನೂ ಮಂಡ್ಯದ "ಮಾಡ್ತಾ ಇವ್ನಿ"ಯನ್ನೂ ಒಂದೇ ಅಂತ ಯಂತ್ರಕ್ಕೆ ತಿಳಿಸುವುದು ಹೇಗೆ? ಹತ್ತು ಪಿಎಚ್‌ಡಿಗೆ ಆಗುವಷ್ಟು ಕೆಲಸ ಇದೆ ಇದರಲ್ಲಿ.

ಆದರೆ ಇದರ ಮೇಲೆ ಪೇಪರ್ ಬರೆದು ಕಳಿಸಿದ ವಿದ್ಯಾರ್ಥಿಗೆ ಬರುವ ಒಂದು ಟೀಕೆ ಇದೆ: "ಇದು ಒಂದೇ ಭಾಷೆಗೆ ಸೀಮಿತವಾಗಿದೆ, ಬೇರೆ ಭಾಷೆಗಳಿಗೆ ಅನ್ವಯಿಸುತ್ತದೆಯೇ?" ಇಂಗ್ಲಿಷ್ ಮೇಲೆ ಮಾತ್ರ ಕೆಲಸ ಮಾಡಿದವರನ್ನು ಹೀಗೆ ಕೇಳುವುದು ಅಪರೂಪ. ಎಷ್ಟೋ ಪೇಪರ್‌ಗಳಲ್ಲಿ ಯಾವ ಭಾಷೆ ಎಂಬ ಮಾತೇ ಇರುವುದಿಲ್ಲ, ಭಾಷೆ ಅಂದರೆ ಇಂಗ್ಲಿಷ್ ಅಂತ ತಾವೇ ಅಂದುಕೊಂಡಿರುತ್ತಾರೆ. ಅಮೆರಿಕದ ಭಾಷಾವಿಜ್ಞಾನಿ ಎಮಿಲಿ ಬೆಂಡರ್ ಇದನ್ನು ವರ್ಷಗಟ್ಟಲೆ ಹೇಳುತ್ತ ಬಂದರು. ನೀವು ಯಾವ ಭಾಷೆಯ ಮೇಲೆ ಕೆಲಸ ಮಾಡಿದ್ದೀರೋ ಅದರ ಹೆಸರು ಹೇಳಿ, ಅದು ಇಂಗ್ಲಿಷ್ ಆದರೂ. ಈಗ ಆ ಕ್ಷೇತ್ರದಲ್ಲಿ ಅದಕ್ಕೆ ಬೆಂಡರ್ ನಿಯಮ ಅಂತಲೇ ಹೆಸರು. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರು 4.37 ಕೋಟಿ. "ಸೀಮಿತ" ಅನ್ನುವುದಕ್ಕೆ ಸ್ವಲ್ಪ ದೊಡ್ಡ ಸೀಮೆಯೇ ಅಲ್ವಾ?

ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕನ್ನಡದ ಕೆಲಸ ಆಗಿಲ್ಲ ಅಂತಲ್ಲ. ಪ್ರೊಫೆಸರ್ ಎ.ಜಿ. ರಾಮಕೃಷ್ಣನ್ ಅವರ ಲ್ಯಾಬಿನಿಂದ ಮುದ್ರಿತ ಕನ್ನಡ ಪುಟವನ್ನು ಓದುವ 'ಲಿಪಿ ಜ್ಞಾನಿ' ಬಂತು. ಜಿಲ್ಲೆ ಜಿಲ್ಲೆಗೆ ಹೋಗಿ, ಜನರಿಗೆ ಫೋಟೋ ತೋರಿಸಿ, ಅದರ ಬಗ್ಗೆ ಅವರ ಮಾತಿನಲ್ಲೇ ಹೇಳಿಸಿ ರೆಕಾರ್ಡ್ ಮಾಡುವ 'ವಾಣಿ' ಯೋಜನೆಯೂ ಅಲ್ಲಿಯದೇ, ಗೂಗಲ್ ಜೊತೆಗೂಡಿ ಮಾಡುತ್ತಿರುವುದು. ಆದರೆ ಅಲ್ಲಿ ಸೀಟು ಸಿಗುವುದು ಇಡೀ ದೇಶದ ಪೈಪೋಟಿಯಲ್ಲಿ, ಅದು ಸರಿಯೇ. ಹಾಗಾಗಿ ಲ್ಯಾಬಿನಲ್ಲಿ ಕೂತವರಲ್ಲಿ ಕೊಪ್ಪಳದ ಕನ್ನಡ ಕೇಳಿ ಬೆಳೆದವರು ಎಷ್ಟು ಜನ ಇರುತ್ತಾರೆ ನೀವೇ ಊಹಿಸಿ.

ಕೊಪ್ಪಳದ ಕನ್ನಡ ಕೇಳಿ ಬೆಳೆದವರು ಬೇರೆ ಕಡೆ ಇದ್ದಾರೆ. ನನಗೆ ಪರಿಚಯದ ಒಬ್ಬರು ಮೇಡಂ ಊರಾಚೆಯ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಮನೆಯ ಮೊದಲ ಇಂಜಿನಿಯರ್. ಎಂ.ಟೆಕ್ ಆದ ಕೂಡಲೇ ಕೆಲಸಕ್ಕೆ ಸೇರಿದರು, ಕಾರಣ ಮೇಲೆ ಹೇಳಿದ ಲೆಕ್ಕವೇ. ಅಸೋಸಿಯೇಟ್ ಪ್ರೊಫೆಸರ್ ಆಗಬೇಕಾದರೆ ಪಿಎಚ್‌ಡಿ ಬೇಕು ಎನ್ನುವುದು ಎಐಸಿಟಿಇ ನಿಯಮ. ಹಾಗಾಗಿ ಪಾರ್ಟ್‌ಟೈಮ್ ಪಿಎಚ್‌ಡಿ. ಸ್ಟೈಪೆಂಡ್ ಇಲ್ಲ, ಉಲ್ಟಾ ವರ್ಷ ವರ್ಷ ಫೀಸು ಕಟ್ಟಬೇಕು. ವಾರಕ್ಕೆ ಹದಿನಾರು ಗಂಟೆ ಪಾಠ ಮತ್ತು ಲ್ಯಾಬು, ಪೇಪರ್ ತಿದ್ದುವುದು, ಅಡ್ಮಿಷನ್ ಕಾಲದಲ್ಲಿ ಪೋಷಕರಿಗೆ ಫೋನು ಮಾಡುವುದು. ಸಂಶೋಧನೆ ಭಾನುವಾರ.

ಅವರಿಗೆ ಮಾಡಬೇಕು ಅಂತ ಇದ್ದದ್ದು ಮಾತು ಗುರುತಿಸುವ ಕೆಲಸ. ಅವರ ತಾಯಿ ಫೋನಿಗೆ ಮಾತಾಡಿದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ರಜೆಗೆ ಹೋದಾಗಲೆಲ್ಲ ತಾಯಿಯದು, ಹೊಲದಲ್ಲಿ ಕೆಲಸ ಮಾಡುವ ಹೆಂಗಸರದು, ಸಂತೆಯಲ್ಲಿ ಕೂತವರದು ಮಾತು ರೆಕಾರ್ಡ್ ಮಾಡಿ ತಂದರು. ಗೈಡ್‌ಗೆ ತೋರಿಸಿದರು. ಅವರು ಒಳ್ಳೆಯವರೇ, ಆದರೆ ಅವರಿಗೂ ಎಂಟು ಜನ ವಿದ್ಯಾರ್ಥಿಗಳು. "ಇದಕ್ಕೆ ಡೇಟಾ ನೀವೇ ಮಾಡಬೇಕಾಗುತ್ತೆ ಮೇಡಂ, ವರ್ಷಗಳು ಹಿಡಿಯುತ್ತೆ. ರೆಡಿ ಡೇಟಾ ಇರೋ ಟಾಪಿಕ್ ತಗೊಳ್ಳಿ" ಅಂದರು. ಕೊನೆಗೆ ಸಿಕ್ಕಿದ್ದು ಎಲೆ ನೋಡಿ ಬೆಳೆಯ ರೋಗ ಹೇಳುವ ಟಾಪಿಕ್.

ನಮ್ಮ ಕಾಲೇಜುಗಳಲ್ಲಿ ಈ ಎಲೆ ರೋಗದ ಪ್ರಾಜೆಕ್ಟ್ ಎಷ್ಟು ಆಗಿದೆಯೋ ದೇವರಿಗೇ ಗೊತ್ತು. ಬಹುತೇಕ ಎಲ್ಲರೂ ಬಳಸುವುದು ಪ್ಲಾಂಟ್‌ವಿಲೇಜ್ ಎಂಬ ಒಂದೇ ಫೋಟೋ ಗಂಟು. 54,306 ಫೋಟೋ, 14 ಬೆಳೆ, 26 ರೋಗ. ಎಲೆಯನ್ನು ಕಿತ್ತು, ಸಾದಾ ಹಾಳೆಯ ಮೇಲೆ ಇಟ್ಟು ತೆಗೆದ ಫೋಟೋಗಳು. 2016ರಲ್ಲಿ ಇದರ ಮೇಲೆ ಬಂದ ಮೊದಲ ದೊಡ್ಡ ಪೇಪರಿನಲ್ಲೇ ಯಂತ್ರ ಶೇ. 99.35ರಷ್ಟು ಸರಿ ಹೇಳಿತ್ತು. ಅದನ್ನು ಎಲ್ಲರೂ ಉದ್ಧರಿಸುತ್ತಾರೆ. ಅದೇ ಪೇಪರಿನಲ್ಲಿ ಇನ್ನೊಂದು ಸಂಖ್ಯೆ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಬೇರೆ ಕಡೆ, ಬೇರೆ ಬೆಳಕಿನಲ್ಲಿ ತೆಗೆದ ಫೋಟೋ ಕೊಟ್ಟಾಗ ಅದೇ ಯಂತ್ರ ಶೇ. 31ರ ಆಸುಪಾಸಿಗೆ ಬಿತ್ತು. ಹೊಲದಲ್ಲಿ ಎಲೆಯ ಹಿಂದೆ ಬಿಳಿ ಹಾಳೆ ಇರುವುದಿಲ್ಲ. ಮಣ್ಣಿರುತ್ತದೆ, ಕಳೆ ಇರುತ್ತದೆ, ರೈತನ ಬೆರಳಿರುತ್ತದೆ. 99.35 ಆದದ್ದನ್ನು 99.5 ಮಾಡಿದರೆ ಒಂದು ಪೇಪರ್ ಆಗುತ್ತದೆ. 31 ಆದದ್ದನ್ನು 60 ಮಾಡಿದರೆ ರೈತನಿಗೆ ಉಪಯೋಗ ಆಗುತ್ತದೆ, ಆದರೆ 60 ಅಂತ ಬರೆದ ಪೇಪರ್ ನೋಡಿ ವಿಮರ್ಶಕ ಮೂಗು ಮುರಿಯುತ್ತಾನೆ. ತಮಾಷೆ ಅಂದರೆ, ಇದೇ ಊರಿನ ಜಿಕೆವಿಕೆಯಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ. ನಿಜವಾದ ರೋಗ ಬಂದ ನಿಜವಾದ ರಾಗಿ ಅಲ್ಲೇ ನೋಡಲು ಸಿಗುತ್ತದೆ.

ಸರ್ಕಾರದ ಕಡೆಯಿಂದ ನಿಯಮ ಸಡಿಲ ಆಗಿದೆ. 2016ರ ಯುಜಿಸಿ ನಿಯಮದ ಪ್ರಕಾರ ಥೀಸಿಸ್ ಕೊಡುವ ಮುಂಚೆ ಜರ್ನಲ್ಲಿನಲ್ಲಿ ಒಂದು ಪೇಪರ್, ಎರಡು ಸಮ್ಮೇಳನದ ಮಂಡನೆ ಕಡ್ಡಾಯ ಇತ್ತು. 2022ರ ನವೆಂಬರಿನಲ್ಲಿ ಅದನ್ನು ತೆಗೆದರು. ಒಳ್ಳೆ ಜರ್ನಲ್ಲುಗಳು ಇವು ಅಂತ ಮಾಡಿದ್ದ ಕೇರ್ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ಕೈಬಿಟ್ಟರು. ಆದರೆ ಕಡ್ಡಾಯ ಬಿಟ್ಟುಹೋದರೂ ಎಣಿಕೆ ಬಿಟ್ಟುಹೋಗಿಲ್ಲ. ಪ್ರಮೋಷನ್‌ಗೆ ಎಣಿಸುತ್ತಾರೆ, ಕಾಲೇಜಿನ ರ‍್ಯಾಂಕಿಂಗಿಗೆ ಎಣಿಸುತ್ತಾರೆ. ದುಡ್ಡು ಕೊಟ್ಟರೆ ಹದಿನೈದು ದಿನದಲ್ಲಿ ಅಚ್ಚು ಹಾಕುವ ಜರ್ನಲ್ಲುಗಳ ಮೆಸೇಜು ಮೇಡಂ ಫೋನಿಗೆ ಇವತ್ತಿಗೂ ಬರುತ್ತದೆ.

ಈ ಎರಡು ಬೀದಿಗಳ ನಡುವೆ ಒಂದು ದಾರಿ ಹಳೇ ಕಾಲದಿಂದಲೂ ಇದೆ. 1970ರಲ್ಲಿ ಶುರುವಾದ ಕ್ಯೂಐಪಿ ಯೋಜನೆ. ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರುಗಳು ಕೆಲಸದಲ್ಲಿ ಇದ್ದುಕೊಂಡೇ ಐಐಟಿಗೋ ಟಾಟಾ ಇನ್‌ಸ್ಟಿಟ್ಯೂಟಿಗೋ ಬಂದು ಪಿಎಚ್‌ಡಿ ಮಾಡಬಹುದು. ನನ್ನ ಮಟ್ಟಿಗೆ ಇದು ನಮ್ಮ ಉನ್ನತ ಶಿಕ್ಷಣದ ಅತ್ಯಂತ ಜಾಣ ಯೋಜನೆಗಳಲ್ಲಿ ಒಂದು. ಯಾಕೆಂದರೆ ಇದು ಮನುಷ್ಯರನ್ನು ಮಾತ್ರ ಅಲ್ಲ, ಅವರ ಜೊತೆ ಅವರ ಪ್ರಶ್ನೆಯನ್ನೂ ಲ್ಯಾಬಿಗೆ ತರುತ್ತದೆ. ತೊಡಕು ಎಲ್ಲಿ ಅಂದರೆ ಕಾಲೇಜು ಅವರನ್ನು ಬಿಟ್ಟುಕೊಡಬೇಕು. ಮೂರು ವರ್ಷ ಒಬ್ಬರನ್ನು ಕಳಿಸಿ, ಅವರ ಜಾಗಕ್ಕೆ ಇನ್ನೊಬ್ಬರನ್ನು ಹಾಕಿ ಸಂಬಳ ಕೊಡಲು ಯಾವ ಖಾಸಗಿ ಕಾಲೇಜಿನ ಆಡಳಿತ ಮಂಡಳಿ ಖುಷಿಯಿಂದ ಮುಂದೆ ಬರುತ್ತದೆ? ಆ ಬದಲಿ ಮೇಷ್ಟ್ರ ಸಂಬಳವನ್ನು ರಾಜ್ಯ ಸರ್ಕಾರ ಕೊಟ್ಟರೆ ಸಾಕು. ಜಿಪಿಯು ಕೊಳ್ಳುವುದಕ್ಕಿಂತ ಅಗ್ಗ. ಅಷ್ಟೂ ಆಗದಿದ್ದರೆ, ವಾರದಲ್ಲಿ ಒಂದು ದಿನ ಕಾಲೇಜಿನಿಂದ ಬಿಡುವು, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಒಬ್ಬರು ಜೊತೆ ಗೈಡ್, ಅಲ್ಲಿನ ಯಂತ್ರಕ್ಕೆ ಒಂದು ಲಾಗಿನ್.

ಹೋದ ಶನಿವಾರ ಮಲ್ಲೇಶ್ವರದಲ್ಲಿ ಮೇಡಂ ಸಿಕ್ಕಿದ್ದರು. ಆ ರೆಕಾರ್ಡಿಂಗ್‌ಗಳು ಏನಾದವು ಮೇಡಂ ಅಂತ ಕೇಳಿದೆ. ಎಲ್ಲ ಒಂದು ಹಾರ್ಡ್‌ಡಿಸ್ಕಿನಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದ್ದಾರಂತೆ. ಒಂದು ಸಲ ಟಾಟಾ ಇನ್‌ಸ್ಟಿಟ್ಯೂಟಿಗೆ ಹೋಗಿ ಯಾರಾದರೂ ಪ್ರೊಫೆಸರ್‌ಗೆ ಕೇಳಿಸಿ ಬರೋಣ, ನಾನೂ ಬರ್ತೀನಿ ಅಂದೆ. ಅವರು ಫೋನಿನಲ್ಲಿ ಕ್ಯಾಲೆಂಡರ್ ತೆಗೆದು ಬೆರಳಿನಲ್ಲಿ ಸರಿಸುತ್ತ ಹೋದರು.

"ಈ ತಿಂಗಳು ಇಂಟರ್ನಲ್ಸ್ ಅದಾವ್ರೀ. ಮುಂದಿನ ತಿಂಗಳು ನ್ಯಾಕ್ ಕಮಿಟಿಯವ್ರು ಬರ್ತಾರ. ಜನವರಿಗೆ ನೋಡೂಣು."